ಮಾವನವರ ಸಿಪ್ಪೆ, ನನ್ನ ಸಿಟ್ಟು

ಮನೆಯಲ್ಲಿ ಒಬ್ಬರಿಗೆ ಆರೋಗ್ಯದ ಹುಚ್ಚು ಹಿಡಿದರೆ ಸಾಕು, ಉಳಿದವರಿಗೆ ದಿನಕ್ಕೊಂದು ಫಜೀತಿ ತಾನಾಗಿ ವಿಳಾಸ ಹುಡುಕಿಕೊಂಡು ಬರುತ್ತದೆ. ನಮ್ಮ ಮನೆಯಲ್ಲಿ ಆ ಹುಚ್ಚು ಹಿಡಿದದ್ದು ನಮ್ಮ ಮಾವನವರಿಗೆ. ಅನುಭವಿಸಿದ್ದು ನಾನು.

ಐವತ್ತರ ದಶಕದ ಕೊನೆಯ ಮಾತು. ಮೈಸೂರಿನಿಂದ ಮದುವೆಯಾಗಿ ಮದರಾಸಿಗೆ ಬಂದವಳು ನಾನು. ಟಿ. ನಗರದಲ್ಲಿ ಒಂದು ಮನೆಯ ಮೇಲಿನ ಪೋರ್ಷನ್ ನಮ್ಮದು. ಕೆಳಗೆ ಮನೆಯೊಡತಿ, ತಮಿಳು ಮಾಮಿ. ನಮ್ಮವರು ಇನ್ಶೂರೆನ್ಸ್ ಆಫೀಸಿನಲ್ಲಿದ್ದರು. ಮಾವ ರೈಲ್ವೆಯಿಂದ ರಿಟೈರ್ ಆಗಿದ್ದರು, ಅತ್ತೆ ಮಾವ ಇಬ್ಬರೂ ನಮ್ಮ ಜೊತೆಗೇ ಇದ್ದರು. ಅವರ ಮನೆತನ ಮದರಾಸಿಗೆ ಬಂದು ಎರಡು ತಲೆಮಾರು ಆಗಿದ್ದರಿಂದ ಅವರಾಡುವ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು.

ರಿಟೈರ್ ಆದ ಮೇಲೆ ಮಾವ ಸಂಜೆ ಪಾರ್ಕಿಗೆ ಹೋಗಿ ಕೂರುತ್ತಿದ್ದರು. ಒಂದು ದಿನ ಅಲ್ಲಿ ಯಾರೋ ಪ್ರಕೃತಿ ಚಿಕಿತ್ಸೆಯವರು ಭಾಷಣ ಮಾಡಿದರಂತೆ. ಹಣ್ಣಿನ ಸತ್ವವೆಲ್ಲ ಇರೋದು ಸಿಪ್ಪೆಯಲ್ಲಿ, ಬೀಜದಲ್ಲಿ; ಜನ ಅದನ್ನು ಎಸೆದು ನಡುವಿನ ಸಿಹಿ ಮಾತ್ರ ತಿಂದು ರೋಗ ಬರಿಸಿಕೊಳ್ಳುತ್ತಾರೆ ಅಂತ. ಮಾವ ಮನೆಗೆ ಬಂದವರೇ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲಿ ನಿಂತು ಘೋಷಿಸಿದರು:

"ಅಮ್ಮಾ, ಇನ್ಮೇಲೆ ಈ ಮನೆಯಿಂದ ಒಂದು ತೋಲೂ ಹೊರಗೆ ಹೋಗಕೂಡದು."

ತಮಿಳಿನಲ್ಲಿ ತೋಲು ಅಂದರೆ ಸಿಪ್ಪೆ. ನನಗೆ ಆಗ ತಮಿಳು ಅಷ್ಟಾಗಿ ಬಾರದು. ತೊಗಲು ಅಂದುಕೊಂಡೆ. ಅವರ ಕಾಲಿನ ಚಪ್ಪಲಿ ನೋಡಿ, "ಒಳಗೂ ಬರಕೂಡದು ಮಾವ, ಅಲ್ಲೇ ಬಿಟ್ಟುಬಿಡಿ" ಅಂದೆ.

ಈಗೀಗ ಎಲ್ಲರೂ ಅದೇ ಮಾತು ಹೇಳುತ್ತಾರೆ, ಸಿಪ್ಪೆಯಲ್ಲಿ ಆ ಸತ್ವ ಇದೆ, ಬೀಜದಲ್ಲಿ ಈ ಎಣ್ಣೆ ಇದೆ ಅಂತ. ಇದ್ದರೂ ಇರಬಹುದು. ನನ್ನ ಸಿಟ್ಟು ಸತ್ವದ ಮೇಲಲ್ಲ. ಅದನ್ನು ತೊಳೆಯೋರು ಯಾರು, ಒಣಗಿಸೋರು ಯಾರು, ಕುಟ್ಟಿ ಜರಡಿ ಹಿಡಿಯೋರು ಯಾರು? ಮಿಕ್ಸಿ ಇಲ್ಲದ ಕಾಲ ಅದು. ಜ್ಞಾನವೆಲ್ಲ ಅವರದು, ಒನಕೆ ನನ್ನದು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ನೀವು ಬೇಕಾದರೆ ನಕ್ಕುಬಿಡಿ.

ಹಸುವಿನ ಪಾಲು

ಹಾಲಿನವಳು ಆಗ ಹಸುವನ್ನೇ ಮನೆಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರಿಗೇ ಹಾಲು ಕರೆದುಕೊಡುತ್ತಿದ್ದಳು. ಬಾಳೆಹಣ್ಣಿನ ಸಿಪ್ಪೆ, ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಎಲ್ಲವನ್ನೂ ಒಂದು ಬಕೆಟ್ಟಿನಲ್ಲಿ ಹಾಕಿಟ್ಟರೆ ಅದು ಹಸುವಿಗೆ. ಇದು ನಾನು ಆ ಮನೆಗೆ ಬರುವ ಮುಂಚಿನಿಂದ ನಡೆದುಕೊಂಡು ಬಂದ ಏರ್ಪಾಡು.

ಮಾವನ ಅಪ್ಪಣೆ ಆದ ಮೇಲೆ ಬಾಳೆಹಣ್ಣಿನ ಸಿಪ್ಪೆಯೆಲ್ಲ ಬೇಯಿಸಿ ಪಲ್ಯ ಆಯಿತು. ಒಗರು ಅಂದರೆ ಒಗರು. ನಾಲಿಗೆ ಅಂಗುಳಿಗೆ ಅಂಟಿಕೊಂಡು ಬಿಡಿಸಿಕೊಳ್ಳುತ್ತಿರಲಿಲ್ಲ. ನಮ್ಮವರು ಎರಡು ತುತ್ತು ತಿಂದು, "ಆಫೀಸಿಗೆ ಹೊತ್ತಾಯ್ತು" ಅಂತ ಎದ್ದರು. ಅವತ್ತು ಭಾನುವಾರ.

ಬಕೆಟ್ಟಿನಲ್ಲಿ ಬರೀ ಅಕ್ಕಿ ತೊಳೆದ ನೀರು. ಹಸು ಮೂತಿ ಇಟ್ಟು ನೋಡಿತು, ತಲೆ ಎತ್ತಿ ನನ್ನ ಮುಖ ನೋಡಿತು, ಮತ್ತೆ ಬಕೆಟ್ಟು ನೋಡಿತು. ಕೊನೆಗೆ ಕೊಂಬಿನಿಂದ ಒಂದು ತಿವಿತ ಕೊಟ್ಟಿತು. ನೀರೆಲ್ಲ ಮಾಮಿಯ ರಂಗೋಲಿಯ ಮೇಲೆ. ಹಾಲಿನವಳು, "ಏನಮ್ಮಾ, ಒಂದು ವಾರದಿಂದ ತೋಲೇ ಇಲ್ಲ, ಬೇರೆ ಹಸುವಿಗೆ ಹಾಕ್ತಿದ್ದೀರಾ?" ಅಂತ ಜಗಳಕ್ಕೇ ನಿಂತಳು. ನಾನು ಏನಂತ ಹೇಳಲಿ? ಮಾವ ತಿನ್ನುತ್ತಿದ್ದಾರೆ ಅಂತಲೇ? ನಮ್ಮವರನ್ನು ಕರೆದೆ. ಅವರು ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿಕೊಂಡರು.

ಮಾವನೇ ಇಳಿದು ಬಂದರು. ಬಾಳೆಸಿಪ್ಪೆಯಿಂದ ನರಕ್ಕೆ ಎಷ್ಟು ಬಲ, ರಕ್ತಕ್ಕೆ ಎಷ್ಟು ಬಲ ಅಂತ ತಮಿಳಿನಲ್ಲಿ ಅವಳಿಗೆ ದೊಡ್ಡದಾಗಿ ವಿವರಿಸಿದರು. ಅವಳು ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದಳು. ಆಮೇಲೆ ಹಗ್ಗ ಬಿಚ್ಚಿ ಹಸುವನ್ನು ತಿರುಗಿಸಿಕೊಂಡು ಹೇಳಿದಳು:

"ಸರಿ ಸಾರ್. ತೋಲು ನೀವು ತಿಂದಮೇಲೆ ಹಾಲೂ ನೀವೇ ಕೊಟ್ಟುಬಿಡಿ."

ಮಾಮಿಯ ಮೆಣಸು

ಆಮೇಲೆ ಪರಂಗಿ ಬೀಜದ ಕಾಲ ಬಂತು. ಹೊಟ್ಟೆಯ ಹುಳಕ್ಕೆ, ಯಕೃತ್ತಿಗೆ, ಇನ್ನೂ ಏನೇನಕ್ಕೋ ಒಳ್ಳೆಯದಂತೆ. ಮಾವ ಇಡೀ ಪರಂಗಿ ಹಣ್ಣು ತಂದು, ಬೀಜವನ್ನು ಕೈಯಾರೆ ಬಿಡಿಸಿ, ಹಣ್ಣನ್ನು ನಮಗೆ ಕೊಡುತ್ತಿದ್ದರು, ನಾವು ಏನೋ ಕಸ ತಿನ್ನುವವರ ಹಾಗೆ ಕನಿಕರದಿಂದ ನೋಡುತ್ತ. ಆ ಬೀಜ ತೊಳೆದು, ಮೇಲಿನ ಲೋಳೆ ತೆಗೆದು, ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಒಣಗಿಸುವುದು ನನ್ನ ಕೆಲಸ. ಮದರಾಸಿನ ಬಿಸಿಲಿನಲ್ಲಿ ಕಾಗೆ ಓಡಿಸುತ್ತ ಕೂತು ಕೂತು ನನ್ನ ಮುಖ ಬೀಜದ ಬಣ್ಣಕ್ಕೇ ಬಂದಿತ್ತು.

ಒಣಗಿದ ಪರಂಗಿ ಬೀಜ ನೋಡಿದ್ದೀರಾ? ಥೇಟ್ ಮೆಣಸಿನ ಕಾಳು.

ದಿನಾ ಒಂದು ಹಿಡಿ ಕಡಿಮೆ ಆಗುತ್ತಿತ್ತು. ನಾನು ಕಾಗೆಯ ಮೇಲೆ ಹಾಕಿದೆ. ಮಾವ ನನ್ನ ಮೇಲೆ ಹಾಕಿದರು. "ನೀನು ಸರಿಯಾಗಿ ನೋಡ್ಕೊಳ್ಳೋದಿಲ್ಲ ಅಮ್ಮಾ, ಅಲಕ್ಷ್ಯ" ಅಂದರು. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ. ಯಾರೂ ಗಮನಿಸಲಿಲ್ಲ, ಅದು ಬೇರೆ ವಿಷಯ.

ಮಾರನೆಯ ದಿನ ಮಾಮಿ ಮೆಟ್ಟಿಲು ಹತ್ತಿ ಬಂದಳು. ಮುಖ ಗಂಟಿಕ್ಕಿತ್ತು. ನನ್ನನ್ನು ಪಕ್ಕಕ್ಕೆ ಕರೆದು, ನನ್ನ ಒಳ್ಳೆಯದಕ್ಕೇ ಹೇಳುವ ದನಿಯಲ್ಲಿ ಅಂದಳು, "ನೋಡಮ್ಮಾ, ನೀನು ಚಿಕ್ಕವಳು, ಅಂಗಡಿಯವನು ನಿನಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ. ನೀನು ಮೇಲೆ ಒಣಗಹಾಕಿದೀಯಲ್ಲ ಮೆಣಸು, ಅದರಲ್ಲಿ ಖಾರವೇ ಇಲ್ಲ. ಪೊಂಗಲ್ಲು ಪೂರಾ ಕಹಿ ಆಗಿಹೋಯ್ತು. ನಾಳೆಯೇ ಹೋಗಿ ಬೈದು ವಾಪಸ್ ಕೊಡು."

ನಾನು ಕೇಳಿದೆ, "ನಿಮ್ಮ ಪೊಂಗಲ್ಲು ಯಾಕೆ ಕಹಿ ಆಯ್ತು ಮಾಮಿ?"

ಮಾಮಿ ಸೆರಗು ಸರಿಮಾಡಿಕೊಂಡಳು. "ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಅಂತ ಇಳಿದು ಹೋದಳು.

ಏಕಾದಶಿಯ ಕಾಫಿ

ಎಲ್ಲವನ್ನೂ ಸಹಿಸಿಕೊಂಡೇನು, ಕಾಫಿಯ ತಂಟೆಗೆ ಬಂದರೆ ನಾನು ಮನುಷ್ಯಳಲ್ಲ. ಅತ್ತೆಯಂತೂ ಕಾಫಿಗಾಗಿಯೇ ಬೆಳಿಗ್ಗೆ ಏಳುತ್ತಿದ್ದವರು. ದೇವರ ಪೂಜೆಗೆ ಮಡಿ ಎಷ್ಟೋ, ಕಾಫಿಪುಡಿ ಡಬ್ಬಿಗೂ ಅಷ್ಟೇ.

ಏಕಾದಶಿ ದಿನ ಫಲಾಹಾರಕ್ಕೆ ಮನೆಯವರೆಲ್ಲ ಖರ್ಜೂರ ತಿನ್ನುತ್ತಿದ್ದೆವು. ಬೀಜ ಎಲ್ಲಿ ಹೋಗುತ್ತಿತ್ತು ಅಂತ ನಾನು ಯೋಚಿಸಲೇ ಇಲ್ಲ. ಅದೇ ವಾರ ನಮ್ಮವರ ಆಫೀಸರು, ಆಫೀಸರ ಹೆಂಡತಿ ಮನೆಗೆ ಬಂದರು. ನಮ್ಮವರನ್ನು ದೂರದ ಊರಿಗೆ ವರ್ಗ ಮಾಡುವ ಮಾತು ನಡೆಯುತ್ತಿತ್ತು. ಅವರನ್ನು ಚೆನ್ನಾಗಿ ನೋಡಿಕೊಂಡರೆ ತಪ್ಪೀತು ಅಂತ ನಮಗೆ ಆಸೆ. ಉದ್ದಿನವಡೆ ಮಾಡಿದೆ, ಕೇಸರಿಭಾತು ಮಾಡಿದೆ. ಕಾಫಿಗೆ ಡಿಕಾಕ್ಷನ್ ಇಳಿಸುವಾಗ ಏನೋ ಸುಟ್ಟ ಕರಟದ ವಾಸನೆ. ಹಾಲು ಹಾಕಿದರೆ ಬಣ್ಣವೇ ಏರದು. ಆದರೆ ಅವರು ಆಗಲೇ ವಡೆ ಮುಗಿಸಿ ಕೈ ಒರೆಸಿಕೊಂಡು ಕೂತಿದ್ದರು. ಕೊಟ್ಟೆ.

ಆಫೀಸರು ಒಂದು ಗುಟುಕು ಕುಡಿದರು. ಲೋಟದೊಳಕ್ಕೆ ಬಗ್ಗಿ ನೋಡಿದರು. "ಟೇಸ್ಟು... ಡಿಫರೆಂಟಾಗಿದೆ" ಅಂದರು, ಬಹಳ ದೊಡ್ಡ ಮನಸ್ಸಿನಿಂದ.

ಮಾವನಿಗೆ ಅಷ್ಟೇ ಬೇಕಿತ್ತು. ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಕಂಡುಹಿಡಿದುಬಿಟ್ಟಿರಲ್ಲ ಸಾರ್! ಅದು ಖರ್ಜೂರದ ಬೀಜ. ಹುರಿದು ಕುಟ್ಟಿ, ಇವತ್ತು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನೇ ಡಬ್ಬಿಗೆ ಬೆರೆಸಿದೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಬಹಳ ಒಳ್ಳೆಯದು."

ಆಫೀಸರ ಹೆಂಡತಿ ಲೋಟ ತುಟಿಯ ಹತ್ತಿರ ಹಿಡಿದಿದ್ದರು. "ಖರ್ಜೂರದ ಬೀಜವನ್ನು ಪ್ರತ್ಯೇಕವಾಗಿ ಮಾರುತ್ತಾರಾ?" ಅಂತ ಕೇಳಿದರು, ಪಾಪ, ಮರ್ಯಾದೆಗೆ.

"ಮಾರೋದೇನು ಬಂತು! ಮೊನ್ನೆ ಏಕಾದಶಿ ದಿನ ಎಲ್ಲರೂ ತಿಂದು ತಟ್ಟೆಗೆ ಉಗಿದದ್ದೇ."

ಆ ಹೆಂಗಸು ಲೋಟವನ್ನು ಬಾಂಬು ಇಡುವ ಹಾಗೆ ಮೆಲ್ಲಗೆ ಕೆಳಗಿಟ್ಟರು. ಮಾವನಿಗೆ ಏನೋ ಸಂಶಯ ಬಂದಿರಬೇಕು, ಧೈರ್ಯ ಹೇಳಿದರು: "ಎಲ್ಲಾ ನಮ್ಮ ಮನೆಯವರದೇ ಅಮ್ಮಾ, ಹೊರಗಿನವರದು ಒಂದೂ ಇಲ್ಲ."

ಅವರು ಹೋದ ಮೇಲೆ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ನಾನು ಆ ಮನೆಗೆ ಬಂದಮೇಲೆ ಅವರ ಆ ಮುಖ ಕಂಡದ್ದು ಅದೇ ಮೊದಲು. "ಎಂಜಲು. ನನ್ನ ಡಬ್ಬಿಗೆ ಎಂಜಲು" ಅಂದರು.

"ಬೆಂಕಿಯಲ್ಲಿ ಹುರಿದಮೇಲೆ ಎಂಜಲೆಲ್ಲಿ ಬಂತು? ಅಗ್ನಿ ಎಲ್ಲವನ್ನೂ ಶುದ್ಧ ಮಾಡುತ್ತೆ" ಅಂದರು ಮಾವ.

ಅತ್ತೆ ನನ್ನ ಕಡೆ ತಿರುಗಿದರು. "ದೊಡ್ಡ ಬಾಣಲೆ ಇಳಿಸು ಕಣೇ. ಇವರನ್ನೂ ಒಂದ್ಸಲ ಹುರಿದುಬಿಡೋಣ."

ಅಂದ ಹಾಗೆ, ವರ್ಗ ಆಗಲಿಲ್ಲ. ಆಫೀಸರು ಆಮೇಲೆ ನಮ್ಮವರನ್ನು ಕಂಡಾಗಲೆಲ್ಲ ಕನಿಕರದಿಂದ ಬೆನ್ನು ತಟ್ಟುತ್ತಿದ್ದರಂತೆ. ಮಾವ ಅದನ್ನೂ ಖರ್ಜೂರದ ಖಾತೆಗೇ ಹಾಕಿಕೊಂಡರು.

ಮಾವನ ಸಂಶೋಧನೆ

ನಮ್ಮ ಕಡೆಯ ಕನ್ನಡದವರೆಲ್ಲ ತಿಂಗಳಿಗೊಮ್ಮೆ ಒಂದು ಕಡೆ ಸೇರುತ್ತಿದ್ದರು. ಭಜನೆ, ಒಂದು ಭಾಷಣ, ಫಲಾಹಾರ. ಒಂದು ತಿಂಗಳು ಭಾಷಣ ನಮ್ಮ ಮಾವನದು. ವಿಷಯ ಯಾವುದು ಅಂತ ಹೇಳಬೇಕಾಗಿಲ್ಲ.

"ಅಮ್ಮಾ, ಬಂದವರಿಗೆಲ್ಲ ರುಚಿ ತೋರಿಸಬೇಕು" ಅಂದರು. ಹೀರೇಕಾಯಿ ಸಿಪ್ಪೆ ಚಟ್ನಿ ರುಬ್ಬಿದೆ. ಕಿತ್ತಳೆ ಸಿಪ್ಪೆ ಗೊಜ್ಜು ಕುದಿಸಿದೆ. ಹಲಸಿನ ಬೀಜ ಬೇಯಿಸಿ ಸಾರು ಮಾಡಿದೆ. ರುಬ್ಬಿ ರುಬ್ಬಿ ರಟ್ಟೆ ಬಿದ್ದುಹೋಗಿತ್ತು. ಇವೆಲ್ಲ ನಮ್ಮಮ್ಮ ಮಾಡುತ್ತಿದ್ದದ್ದು, ಅಜ್ಜಿ ಮಾಡುತ್ತಿದ್ದದ್ದು. ಮೈಸೂರು ಕಡೆ ಹೀರೇಕಾಯಿ ಸಿಪ್ಪೆ ಎಸೆಯುವ ಹೆಂಗಸನ್ನು ನಾನು ನೋಡಿಯೇ ಇಲ್ಲ.

ಮಾವ ಎದ್ದು ನಿಂತು, ಚಟ್ನಿಯ ಬಟ್ಟಲು ಎತ್ತಿ ಹಿಡಿದು, "ಇದು ನಾನು ಬಹಳ ಪರಿಶ್ರಮಪಟ್ಟು ಕಂಡುಕೊಂಡದ್ದು" ಅಂದರು. ಗಂಡಸರೆಲ್ಲ ತಲೆದೂಗಿದರು. ಒಬ್ಬರು, "ಇದನ್ನ ಗೌರ್ಮೆಂಟಿಗೆ ತಿಳಿಸಬೇಕು" ಅಂದರು. ಹೆಂಗಸರ ಕಡೆ ಕೂತಿದ್ದ ನನಗೆ ಕಿವಿ ಬಿಸಿಯಾಯಿತು. ಎದ್ದು ಏನಾದರೂ ಅಂದುಬಿಡುತ್ತಿದ್ದೆನೋ ಏನೋ, ಪಕ್ಕದಲ್ಲಿದ್ದ ಒಬ್ಬ ಮುದುಕಿ ನನ್ನ ತೊಡೆಯ ಮೇಲೆ ಕೈಯಿಟ್ಟು, ಕೂತಲ್ಲಿಂದಲೇ ಕೇಳಿದರು:

"ಯಾಕಪ್ಪಾ, ನಿಮ್ಮ ತಾಯಿ ಇದನ್ನ ಮಾಡ್ತಿರಲಿಲ್ವೇ?"

ಮಾವ ಬಟ್ಟಲು ಕೆಳಗಿಟ್ಟರು. "ಮಾಡ್ತಿದ್ದರು ಅನ್ನಿ. ಆದರೆ ಯಾಕೆ ಮಾಡಬೇಕು, ಇದರಿಂದ ಏನು ಪ್ರಯೋಜನ, ಅದು ಅವರಿಗೆ ಗೊತ್ತಿರಲಿಲ್ಲ."

"ಹೌದು ಹೌದು" ಅಂದರು ಮುದುಕಿ. "ಏನು ಪ್ರಯೋಜನ ಅಂತ ಗೊತ್ತಿಲ್ಲದೇನೇ ನಿಮ್ಮನ್ನೂ ಸಾಕಿದರು."

ಅವತ್ತು ಚಟ್ನಿ ಪೂರ್ತಿ ಖರ್ಚಾಯಿತು. ಹೆಂಗಸರ ಕಡೆಯೇ.

ಬಣ್ಣದ ಮಾತ್ರೆ

ಇದೊಂದು ಮಾತ್ರ ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ.

ಮಾವನಿಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರ ಔಷಧಿಯನ್ನು ಸದ್ದಿಲ್ಲದೆ ನಿಲ್ಲಿಸಿ ನೇರಳೆ ಬೀಜದ ಪುಡಿ ಹಿಡಿದಿದ್ದರು. "ಬೀಜದ ಪುಡಿ ತಿನ್ನಿ, ಬೇಡ ಅನ್ನೋದಿಲ್ಲ, ಆದರೆ ಅದರ ಜೊತೆಗೆ ಇದನ್ನೂ ತಗೊಳ್ಳಿ" ಅಂತ ಡಾಕ್ಟರು ಹೇಳಿದ್ದು ಅವರ ಕಿವಿಗೆ ಅರ್ಧ ಮಾತ್ರ ಬಿದ್ದಿತ್ತು. ಹೀಗಿರುವಾಗ ಒಂದು ದಿನ ತಾರಸಿಯ ಮೇಲೆ ಬೇಲದ ಹಣ್ಣಿನ ಚಿಪ್ಪು ಒಡೆದು ಒಣಗಹಾಕಿದ್ದರು. ಅದನ್ನೂ ಪುಡಿಮಾಡುವ ಉದ್ದೇಶ. ಅದರ ಚೂರೊಂದನ್ನು ಅವರೇ ತುಳಿದರು. ಹಿಮ್ಮಡಿ ಸೀಳಿತು.

ಗಾಯಕ್ಕೆ ದಾಳಿಂಬೆ ಸಿಪ್ಪೆ ಅರೆದು ಮೆತ್ತಿಕೊಂಡು ಯಾರಿಗೂ ಹೇಳದೆ ಕೂತರು. ನಮಗೆ ಗೊತ್ತಾಗುವ ಹೊತ್ತಿಗೆ ಪಾದ ಊದಿ ಕೆಂಪಾಗಿತ್ತು. ಡಾಕ್ಟರು ಮೊದಲು ಏನೋ ಬಿಳಿ ಮಾತ್ರೆ ಕೊಟ್ಟರು. ತಗ್ಗಲಿಲ್ಲ. ಜ್ವರ ಬಂತು. ಆಮೇಲೆ ಹೊಸದಾಗಿ ಬಂದಿದ್ದ ಕ್ಯಾಪ್ಸೂಲು ಬರೆದುಕೊಟ್ಟು, ನಮ್ಮವರನ್ನು ಹೊರಗೆ ಕರೆದು ಹೇಳಿದರು: "ಇದಕ್ಕೂ ಬಗ್ಗದಿದ್ದರೆ ಕಾಲು ತೆಗೆಯಬೇಕಾಗಬಹುದು." ನಮ್ಮವರು ಮನೆಗೆ ಬಂದು ಅದನ್ನು ಹೇಳಿದಾಗ ಅತ್ತೆ ಹೋಗಿ ದೇವರ ಮುಂದೆ ಕೂತರು.

ಮಾವ ಮಾತ್ರೆ ತಪ್ಪಿಸುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಕೇಳಿ ತೆಗೆದುಕೊಳ್ಳುತ್ತಿದ್ದರು. ನಾನು ನೀರು ಕೊಟ್ಟು ನನ್ನ ಕೆಲಸಕ್ಕೆ ಹೋಗುತ್ತಿದ್ದೆ. ಆದರೆ ಕಾಲು ಇಳಿಯಲಿಲ್ಲ. ಡಾಕ್ಟರಿಗೇ ಆಶ್ಚರ್ಯ. "ಇಷ್ಟು ಒಳ್ಳೆ ಔಷಧಿ, ಯಾಕೆ ಹಿಡೀತಾ ಇಲ್ಲ?" ಅಂತ ತಲೆ ಕೆರೆದುಕೊಂಡರು.

ಒಂದು ಬೆಳಿಗ್ಗೆ ಬಾಲ್ಕನಿಯ ಕರಿಬೇವಿನ ಗಿಡಕ್ಕೆ ನೀರು ಹಾಕಲು ಹೋದೆ. ಕುಂಡದ ಮಣ್ಣಿನ ಮೇಲೆ ಹಳದಿ ಹಳದಿ ಪುಡಿ. ಪಕ್ಕದ ಆರಾಮಕುರ್ಚಿಯಲ್ಲಿ ಮಾವ, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಕ್ಯಾಪ್ಸೂಲನ್ನು ಎರಡು ಬೆರಳಲ್ಲಿ ಹಿಡಿದು ಜೋಪಾನವಾಗಿ ಬಿಚ್ಚುತ್ತಿದ್ದರು. ಒಳಗಿನ ಪುಡಿ ಕುಂಡಕ್ಕೆ ಉದುರಿಸಿದರು. ಖಾಲಿ ಕೆಂಪು ಟೊಪ್ಪಿಗೆ, ಖಾಲಿ ಹಳದಿ ಟೊಪ್ಪಿಗೆ ಎರಡನ್ನೂ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ಮಾವ! ಏನು ಮಾಡ್ತಿದ್ದೀರಿ?"

"ಔಷಧಿ ತಗೋತಿದ್ದೀನಮ್ಮಾ."

"ಆ ಪುಡಿ?"

"ಅದು ಬರೀ ಹಿಟ್ಟು. ಬಣ್ಣ ಎಲ್ಲಿದೆ ನೋಡು, ತೋಲಿನಲ್ಲಿದೆ. ಈ ಡಾಕ್ಟರು ಇನ್ನೂ ಚಿಕ್ಕ ವಯಸ್ಸು, ಅವರಿಗೆ ತಿಳಿಯದು. ಮಾಡಿದವನಿಗೆ ತಿಳಿದಿದೆ, ಅದಕ್ಕೇ ತೋಲಿಗೆ ಇಷ್ಟು ಬಣ್ಣ ಹಾಕಿದ್ದಾನೆ. ಹಿಟ್ಟನ್ನೂ ನಾನು ವ್ಯರ್ಥ ಮಾಡಿಲ್ಲ, ಗಿಡಕ್ಕೆ ಹಾಕಿದೀನಿ."

ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಂತು ದನಿ ಎತ್ತುವುದು ಅಂದರೆ ಊರೇ ಸೇರುವ ವಿಷಯ. ನನಗೆ ಅದ್ಯಾವುದೂ ನೆನಪಿಗೆ ಬರಲಿಲ್ಲ. ಕೈಯಲ್ಲಿದ್ದ ಚೊಂಬು ನೆಲಕ್ಕೆ ಕುಕ್ಕಿದೆ.

"ಕಾಲು ಕೊಳೀತಾ ಇದೆ ನಿಮ್ಮದು! ಕತ್ತರಿಸಬೇಕು ಅಂತಿದ್ದಾರೆ! ಅತ್ತೆ ಅನ್ನ ಬಿಟ್ಟು ದೇವರ ಮುಂದೆ ಕೂತಿದ್ದಾರೆ, ನಿಮ್ಮ ಮಗ ನಿದ್ದೆ ಬಿಟ್ಟಿದ್ದಾರೆ, ನೀವು ಔಷಧಿ ತಂದು ಕರಿಬೇವಿಗೆ ಹಾಕ್ತಿದ್ದೀರಾ? ಸಿಪ್ಪೆ ಕುಟ್ಟಿದೆ, ಬೀಜ ಕುಟ್ಟಿದೆ, ಒಂದು ಮಾತು ಆಡಲಿಲ್ಲ. ಆದರೆ ಕಾಲು ಹೋದಮೇಲೆ ನಿಮ್ಮನ್ನ ಎತ್ತಿ ಇಳಿಸೋರು ಯಾರು, ಪಾರ್ಕಿನವರಾ?"

ಕೆಳಗೆ ಮಾಮಿ ಬಾಗಿಲು ತೆರೆದ ಸದ್ದು ಕೇಳಿಸಿತು. ಹಿಂದೆ ತಿರುಗಿದರೆ ಅತ್ತೆ ನಿಂತಿದ್ದಾರೆ. ಅವರು ಮುಂದೆ ಬಂದು ನನ್ನ ಪಕ್ಕದಲ್ಲೇ ನಿಂತು ಹೇಳಿದರು, "ಈ ಕಡೆಯಿಂದ ಹೇಳು ಕಣೇ. ಅವರಿಗೆ ಎಡಗಿವಿ ಸರಿಯಾಗಿ ಕೇಳಿಸೋದಿಲ್ಲ."

ಅವತ್ತಿನಿಂದ ಮಾತ್ರೆ ನನ್ನ ಎದುರಿಗೇ ನುಂಗಬೇಕು. ನುಂಗಿದಮೇಲೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಸಕ್ಕರೆಯ ಔಷಧಿಯೂ ಮತ್ತೆ ಶುರುವಾಯಿತು. ಮಾವ ನನ್ನ ಜೊತೆ ಮಾತು ಬಿಟ್ಟರು. ಬಾಯಿ ಮಾತ್ರ ತೆರೆಯುತ್ತಿದ್ದರು. ನಿಧಾನವಾಗಿ ಜ್ವರ ಬಿಟ್ಟಿತು, ಊತ ಇಳಿಯಿತು, ಗಾಯ ಮಾಗಿತು. ಡಾಕ್ಟರು ಕಟ್ಟು ಬಿಚ್ಚಿ, "ಕಾಲು ಉಳೀತು" ಅಂದ ದಿನ ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಸಂತೋಷಕ್ಕೋ ಸಿಟ್ಟಿಗೋ, ನನಗೇ ತಿಳಿಯಲಿಲ್ಲ.

ಆ ವಾರದ ಕೊನೆಗೆ ಪಾರ್ಕಿನ ಸ್ನೇಹಿತರೆಲ್ಲ ನೋಡಲು ಬಂದರು. ನಾನು ಕಾಫಿ ತೆಗೆದುಕೊಂಡು ಹೋದೆ. ಅವರಲ್ಲಿ ಒಬ್ಬರು ಕೇಳಿದರು, "ಏನು ಸಾರ್, ಕಾಲು ಹೋಗೇಬಿಡುತ್ತೆ ಅಂದಿದ್ದರಂತಲ್ಲ? ಹೇಗೆ ವಾಸಿ ಆಯ್ತು?"

ಮಾವ ವಾಸಿಯಾದ ಕಾಲನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ಎಲ್ಲಾ ತೋಲಿನ ಮಹಿಮೆ. ಡಾಕ್ಟರು ಮೊದಲು ಬಿಳೀ ಮಾತ್ರೆ ಕೊಟ್ಟರು, ತೋಲಿಲ್ಲದ್ದು. ಏನೂ ಆಗಲಿಲ್ಲ. ಆಮೇಲೆ ತೋಲಿರೋ ಮಾತ್ರೆ ಕೊಟ್ಟರು, ಗುಣ ಆಯ್ತು. ಒಳಗೆ ಸ್ವಲ್ಪ ಹಿಟ್ಟು ಇತ್ತು. ಸೊಸೆ ಹಟ ಮಾಡಿದಳು ಅಂತ ಅದನ್ನೂ ನುಂಗಿದೆ. ಪರವಾಯಿಲ್ಲ, ಅದರಿಂದ ಕೆಡುಕೇನೂ ಆಗಲಿಲ್ಲ."

ಆಮೇಲೆ ಅಷ್ಟು ದಿನ ಬಿಟ್ಟಿದ್ದ ಮಾತನ್ನು ಅವತ್ತೇ ಆಡಿದರು. ಕಾಫಿ ತಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, ಅಷ್ಟು ಜನರ ಮುಂದೆ, ಬಹಳ ಪ್ರೀತಿಯಿಂದ ಕೇಳಿದರು:

"ಅಲ್ವೇನಮ್ಮಾ?"